ಅಕ್ಕನಿಗೆ ಪಿಕಪ್ ಇಲ್ಲವಂತೆ

ಮನೆಯ ಮುಂದಿನ ಹುಣಸೆಯ ನೆರಳಲ್ಲಿ ನಿಲ್ಲುವ, ಮಾವಿನಕಾಯಿ ಹೊತ್ತು ಕೃಷ್ಣಗಿರಿಗೆ ಓಡುವ ನನ್ನ ಸರಕು ಗಾಡಿಯನ್ನು ಊರವರೆಲ್ಲ ‘ಪಿಕಪ್’ ಎನ್ನುತ್ತಾರೆ. ಏರು ಬಂದಾಗ ಅದಕ್ಕೆ ಪಿಕಪ್ಪೇ ಇಲ್ಲವೆಂದು ನಗುವವರೂ ಅವರೇ. ಎತ್ತಿಕೊಳ್ಳುವುದು ಎಂಬಷ್ಟೇ ಅರ್ಥ ಹೊತ್ತು ಬಂದ ಈ ಇಂಗ್ಲಿಷ್ ಮಾತು ಹೊಸೂರಿನ ಗಾಳಿ ಸೋಕಿದ್ದೇ ತಡ, ಬಹುರೂಪಿಯಾಗಿಬಿಟ್ಟಿತು, ಗೆಳೆಯರೇ. ಇಲ್ಲಿ ವ್ಯಾಪಾರ ಪಿಕಪ್ ಆಗುತ್ತದೆ, ಫೋನನ್ನು ಪಿಕಪ್ ಮಾಡುತ್ತಾರೆ, ಮಕ್ಕಳು ಬೀದಿಯಲ್ಲೇ ತೆಲುಗನ್ನು ಪಿಕಪ್ ಮಾಡುತ್ತವೆ. ನಮ್ಮ ‘ಎತ್ತು’ ಏನು ಕಡಿಮೆಯೇ? ಹೊರೆ ಎತ್ತುತ್ತದೆ, ಮಾತೆತ್ತುತ್ತದೆ, ಬೇಕೆಂದರೆ ನೇಗಿಲನ್ನೂ ಎಳೆಯುತ್ತದೆ!

ಆದರೆ ಇದೇ ಪಿಕಪ್ ನನ್ನ ಅಕ್ಕ ರತ್ನಮ್ಮನ ಕಣ್ಣಲ್ಲಿ ನೀರು ತರಿಸಿತ್ತು. ನಾಟ್ರಾಂಪಾಳ್ಯದ ಕಾಡಂಚಿನಲ್ಲಿ ರಾಗಿ ಬೆಳೆದುಕೊಂಡಿದ್ದವಳು, ಮಗಳ ಮದುವೆಯಾದ ಮೇಲೆ ನಮ್ಮ ಮನೆಗೆ ಬಂದು, ವಾಹನಗಳ ವೈರು ಜೋಡಿಸುವ ಕಾರ್ಖಾನೆಗೆ ಸೇರಿದ್ದಳು. ಕೊರಳಿಗೆ ಗುರುತಿನ ಚೀಟಿ ಬಿದ್ದ ದಿನ ಅದನ್ನು ತೆಗೆಯದೆಯೇ ಊಟಕ್ಕೆ ಕುಳಿತವಳು. ಹೆಂಗಸರನ್ನು ಕರೆದೊಯ್ಯುವ ಕಾರ್ಖಾನೆಯ ಬಸ್ಸಿಗೂ ಪಿಕಪ್ ಎಂದೇ ಹೆಸರು. ಅವಳಿಗೆ ಗೊತ್ತಿದ್ದ ಪಿಕಪ್ ಅದೊಂದೇ.

ಒಂದು ಬೆಳಿಗ್ಗೆ ಅವಳು ಬಸ್ಸಿಗೆ ಹೋಗದೆ ಅವರೆಕಾಯಿ ಬಿಡಿಸುತ್ತ ಕುಳಿತಿದ್ದಳು. ಕೇಳಿದರೆ, ಹಿಂದಿನ ಸಂಜೆ ಮೇಲ್ವಿಚಾರಕಿ ಸೆಲ್ವಿ ತನ್ನ ತಮಿಳಿನಲ್ಲಿ ‘ಉಂಗಳುಕ್ಕು ಪಿಕಪ್ ಇಲ್ಲ, ಅಕ್ಕಾ’, ನಿಮಗೆ ಪಿಕಪ್ ಇಲ್ಲ, ಎಂದಳಂತೆ.

“ನಂಗೆ ಬಸ್ಸಿಲ್ಲ ಅಂದ್ಬುಟ್ಳು ಕಣ್ಲಾ. ಕರ್ಕೊಂಡೋಗಾಕಿಲ್ಲ ಅಂದ್ಮೇಲೆ ಕೆಲ್ಸ ಎಲ್ಲೈತೆ?”

ಏರು ಹತ್ತಲಾರದ ಗಾಡಿಯ ಯಜಮಾನನಾದ ನನಗೆ ಆ ಮಾತಿನ ಮರ್ಮ ತಟ್ಟನೆ ಹೊಳೆಯಿತು. ಒಲ್ಲೆನೆಂದವಳನ್ನು ಗಾಡಿಗೆ ಹತ್ತಿಸಿಕೊಂಡು ಕಾರ್ಖಾನೆಗೆ ಹೋದೆ. ಗೇಟಿಗೆ ಬಂದ ಸೆಲ್ವಿ ವಿಷಯ ಕೇಳಿ ಪೆಚ್ಚಾಗಿ, ಅಕ್ಕನ ಕೈ ಹಿಡಿದುಕೊಂಡಳು. ತಾನು ಹೇಳಿದ್ದು ಬಸ್ಸಿನ ಮಾತಲ್ಲ, ಕೈಯ ವೇಗದ ಮಾತು. ಹೊಸಬರಿಗೆಲ್ಲ ಹಾಗೇ, ಬರಬರುತ್ತ ಸರಿಹೋಗುತ್ತದೆ ಎಂದಳು. ಸಮಾಧಾನವಾಗುವ ಬದಲು ಅಕ್ಕನಿಗೆ ಸಿಟ್ಟೇ ಬಂತು.

“ಕೈ ನಿಧಾನ ಅಂತ ನೆಟ್ಟಗೆ ಹೇಳಾಕೇನವ್ವ? ಅದು ನಂಗೂ ಗೊತ್ತು.”

ಅಷ್ಟು ಹೇಳಿ, ನನ್ನತ್ತ ತಿರುಗಿಯೂ ನೋಡದೆ ಒಳಗೆ ನಡೆದಳು. ಸೆಲ್ವಿ ನಗುವನ್ನು ತಡೆದುಕೊಂಡು ಅವಳ ಹಿಂದೆಯೇ ಹೋದಳು.

ಮಾವಿನ ಸುಗ್ಗಿ ಮುಗಿಯುವಷ್ಟರಲ್ಲಿ ಅಕ್ಕನ ಬೆರಳುಗಳು ವೈರುಗಳ ನಡುವೆ ಮಗ್ಗದ ಲಾಳಿಯಂತೆ ಓಡತೊಡಗಿದವು. ಸೆಲ್ವಿಯ ನಾಲಗೆಯೂ ಹಿಂದೆ ಬೀಳಲಿಲ್ಲ. ಅಂಚೆಟ್ಟಿ ಕಡೆಯಿಂದ ಹೊಸದಾಗಿ ಸೇರಿದ ಕನ್ನಡದವಳೊಬ್ಬಳು ತಡವರಿಸಿದಾಗ, ಆ ತಮಿಳು ಹುಡುಗಿ ಅಕ್ಕನ ಧಾಟಿಯಲ್ಲೇ ಹೇಳಿದಳಂತೆ: “ಕೈ ವಸಿ ನಿಧಾನ ಕಣವ್ವ. ಬತ್ತದೆ ಬುಡು.”