ಗೇಟ್ ಪಾಸ್ ಇಲ್ಲದ ಲ್ಯಾಪ್‌ಟಾಪ್

ರಕ್ಷಣಾ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ನಮ್ಮ ಯಜಮಾನರಿಗೆ ವೈಫೈ ಎಂದರೆ ಬೀದಿಬಾಗಿಲು ತೆರೆದಿಟ್ಟು ಮಲಗಿದ ಹಾಗೆ. ಅದಕ್ಕೇ ತೆಲುಗು ನಾಡಿನ ಕುಷಾಯಿಗೂಡದ ನಮ್ಮ ಮನೆಯ ಪ್ರತಿ ಕೋಣೆಗೂ ಅವರೇ ಮುಂದೆ ನಿಂತು ಇಂಟರ್ನೆಟ್ ಕೇಬಲ್ ಎಳೆಸಿದ್ದಾರೆ. ದೇವರ ಕೋಣೆಯಲ್ಲೂ ಒಂದು ಸಾಕೆಟ್ ಇದೆ. ದೇವರು ಇನ್ನೂ ಬಳಸಿಲ್ಲ.

ಆ ದಿನ ಬೆಳಿಗ್ಗೆ ಹನ್ನೊಂದಕ್ಕೆ ನನ್ನ ಮೊದಲ ಆನ್‌ಲೈನ್ ಪಾಠ. ಮಿಯಾಪುರದ ಒಂದು ಅಪಾರ್ಟ್‌ಮೆಂಟಿನ ಕನ್ನಡದ ಮನೆಗಳ ಮಕ್ಕಳಿಗೆ ಕನ್ನಡ ಕಲಿಸುವುದು. ಮದುವೆಯಾದ ಮೇಲೆ ಬಿಟ್ಟಿದ್ದ ಟೀಚರ್ ಕೆಲಸ ಮತ್ತೆ ಕೈಗೆ ಬರುವುದರಲ್ಲಿತ್ತು. ಈ ಪಾಠ ಸರಿಹೋಗದಿದ್ದರೆ ಬೇರೆಯವರನ್ನು ನೋಡುತ್ತೇವೆ ಎಂದು ತಾಯಂದಿರು ಮೊದಲೇ ಹೇಳಿದ್ದರು. ಇಸ್ತ್ರಿ ಸೀರೆ ಉಟ್ಟು, ಹೊಸ ಲ್ಯಾಪ್‌ಟಾಪಿಗೆ ಕೇಬಲ್ ಸಿಕ್ಕಿಸಿದೆ. ಸಂಪರ್ಕವಿಲ್ಲ ಎಂದಿತು. ಯಜಮಾನರನ್ನು ಕೂಗಿದೆ.

"ನೀ ಮುಟ್ಟಬ್ಯಾಡ, ನಾ ನೋಡ್ತೀನಿ," ಎಂದು ಯಜಮಾನರು ಟೆಸ್ಟರ್ ಹಿಡಿದು ಬಂದರು. ಅಷ್ಟಕ್ಕೇ ಬಿಟ್ಟಾರೆಯೇ? ಪಕ್ಕದ ಮನೆಯ ಗೆಳೆಯರೊಬ್ಬರನ್ನೂ ಕರೆದರು. ಅವರು ಬಾಲಾನಗರದಲ್ಲಿ ವಿಮಾನದ ಉಪಕರಣ ಮಾಡುತ್ತಿದ್ದವರು. ಇಬ್ಬರ ಕಾರ್ಖಾನೆ ಬೇರೆ, ಪದ್ಧತಿ ಒಂದೇ. ದೋಷ ಹುಡುಕುವ ಮೊದಲು ಅದು ತಮ್ಮ ಸೆಕ್ಷನ್ನಿನದಲ್ಲ ಎಂದು ಸಾಬೀತು ಮಾಡಬೇಕು.

"ಕೇಬಲ್‌ದಾಗ ಏನೂ ತಪ್ಪಿಲ್ಲ. ನಾನ ಹಾಕ್ಸೀನಿ," ಎಂದರು ಇವರು.

"ಹಂಗಾರ ಲ್ಯಾಪ್‌ಟಾಪ್ ಕೆಟ್ಟೈತ್ರಿ," ಎಂದರು ಗೆಳೆಯರು. ನನ್ನತ್ತ ತಿರುಗಿ, "ವೈನಿ, ಒಂದೀಟು ಚಾ ಆಗ್ಲಿ," ಎಂದರು.

"ಅಲ್ರೀ, ಹನ್ನೊಂದಕ್ಕ ಕ್ಲಾಸ್ ಐತಿ ನಂದು!"

"ಆಕೈತಿ ತಡಿ," ಎಂದು ಇವರು ನನಗೇ ಬುದ್ಧಿ ಹೇಳಿದರು. "ಗಡಿಬಿಡಿ ಮಾಡಿದ್ರ ಮೂಲ ಕಾರಣ ಸಿಗಂಗಿಲ್ಲ."

ಕೇಬಲ್ ಬದಲಾಯಿತು. ಸಾಕೆಟ್ ಬಿಚ್ಚಿ ಮತ್ತೆ ಕೂರಿಸಿದ್ದಾಯಿತು. ಲ್ಯಾಪ್‌ಟಾಪನ್ನು ಕೋಣೆಯಿಂದ ಕೋಣೆಗೆ ಮೆರವಣಿಗೆ ಮಾಡಿಸಿ ದೇವರ ಮುಂದೆಯೂ ಇಟ್ಟರು. ಊಹೂಂ. ಅದೇ ಕೇಬಲ್ ಇವರ ಹಳೆಯ ಲ್ಯಾಪ್‌ಟಾಪಿಗೆ ಹಾಕಿದರೆ ಸಲೀಸಾಗಿ ಓಡಿತು. ಅದರಲ್ಲೇ ಪಾಠ ಮಾಡೋಣವೆಂದರೆ, ಭದ್ರತೆಯ ನೆಪದಲ್ಲಿ ಅದರ ಕ್ಯಾಮೆರಾಕ್ಕೆ ಕಿತ್ತರೂ ಬಾರದ ಅಂಟು ಮೆತ್ತಿಟ್ಟಿದ್ದಾರೆ ಪುಣ್ಯಾತ್ಮರು. ಫೋನಿಗೆ ಸಿಗ್ನಲ್ ಸಿಗುವುದು ತಾರಸಿಯ ಬಿಸಿಲಲ್ಲಿ ಮಾತ್ರ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಚಾ ಮುಗಿಸಿದ ಗೆಳೆಯರು ತಲೆ ಕೆರೆದುಕೊಂಡರು. "ನಿಮ್ದು ನಡಿತೈತಿ, ವೈನೀದು ನಡಿಯಂಗಿಲ್ಲ. ಹೊಸಾದನ್ನ ಒಳಗ ಬಿಡಬ್ಯಾಡ ಅಂತ ರೂಟರಿಗೆ ಹೇಳಿಟ್ಟೀರೇನ್ರಿ?"

ಇವರು ಟೆಸ್ಟರ್ ಕೆಳಗಿಟ್ಟರು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ್ದರು! ಕಾರ್ಖಾನೆಯ ಗೇಟಿನ ನಿಯಮವನ್ನೇ ಮನೆಯ ರೂಟರಿಗೂ ಕಲಿಸಿದ್ದರು. ಪಾಸ್ ಇಲ್ಲದ ಯಂತ್ರಕ್ಕೆ ಪ್ರವೇಶವಿಲ್ಲ. ಟಿವಿಗೆ ಪಾಸ್ ಇತ್ತು. ಚೆಸ್ ಆಡಲು ಬರುವ ಈ ಗೆಳೆಯರ ಲ್ಯಾಪ್‌ಟಾಪಿಗೂ ಇತ್ತು.

"ಮತ್ತ ನಂದಕ್ಕ?" ಎಂದೆ.

"ನೀ ಎಂದ ಕೇಳಿದ್ದಿ?" ಎಂದರು.

ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ಈ ಮನೆಯ ಒಲೆ ಹೊತ್ತಿಸಿದವಳು ನಾನು, ಪಾಸ್ ಟಿವಿಗೆ! "ಮದಲ ಒಳಗ ಬಿಡ್ರಿ, ಆಮ್ಯಾಗ ಮಾತಾಡೂಣು," ಎಂದೆ. ರೂಟರಿನ ಪಾಸ್ ಪಟ್ಟಿಗೆ ನನ್ನ ಲ್ಯಾಪ್‌ಟಾಪನ್ನೂ ಸೇರಿಸಿದರು.

ಹನ್ನೊಂದಕ್ಕೆ ಮಕ್ಕಳ ಮುಖಗಳು ಕಾಣಿಸಿದವು. ಅ ಆ ಇ ಈ ಬದಿಗಿಟ್ಟೆ. "ಇದು ನನ್ನ ಮನೆ, ಹೇಳಿ," ಎಂದೆ, ಹಿಂದೆ ನಿಂತ ಇಬ್ಬರಿಗೂ ಕೇಳುವಷ್ಟು ಗಟ್ಟಿಯಾಗಿ. ಮಕ್ಕಳು ಕೂಗಿ ಹೇಳಿದರು. ಮತ್ತೆ ಹೇಳಿಸಿದೆ.

ಪಾಠ ಮುಗಿದಾಗ ಒಬ್ಬ ತಾಯಿ, "ದಿನಾ ಕ್ಲಾಸ್ ತಗೋತೀರಾ, ಟೀಚರ್?" ಎಂದು ಕೇಳಿದರು.

ಯಜಮಾನರು ಅಲ್ಲೇ ಇದ್ದರು. ನಾನು ಅವರನ್ನು ಕೇಳದೆ ಹ್ಞೂಂ ಎಂದೆ.