ಆಯುಧಪೂಜೆಗೆ ನಿಲ್ಲಿಸಿದ ಪಂಪು

ನಮ್ಮ ಪ್ರಯೋಗಾಲಯದಲ್ಲಿ ಆಯುಧಪೂಜೆ ಜೋರು. ಸೂಕ್ಷ್ಮದರ್ಶಕಕ್ಕೂ ಕುಂಕುಮ, ಫ್ರಿಜ್ಜಿಗೂ ಚೆಂಡುಹೂವು. ಪೂಜೆ ಮುಗಿಯುವವರೆಗೆ ಯಂತ್ರಗಳಿಗೆ ವಿಶ್ರಾಂತಿ ಕೊಡಬೇಕೆಂಬುದು ಮಾತ್ರ ನನ್ನದೇ ಹಟ. ಸರಸ್ವತಿಪುರಂನ ನಮ್ಮ ಮನೆಯಲ್ಲಿ ಅಂದು ಹೊಲಿಗೆ ಯಂತ್ರವನ್ನೂ ಯಾರೂ ತುಳಿಯುತ್ತಿರಲಿಲ್ಲ. ಅದಕ್ಕೇ ನಾನು ಆ ಪುಟ್ಟ ಪಂಪನ್ನೂ ನಿಲ್ಲಿಸಿದೆ.

ಅದು ಒಂದು ಚಿಪ್‌ಗೆ ಹನಿಹನಿಯಾಗಿ ಪೋಷಕ ದ್ರವ ಉಣಿಸುತ್ತಿತ್ತು. ಚಿಪ್ ಎಂದರೆ ಹೆಬ್ಬೆರಳುದ್ದದ, ಗಾಜಿನಂತೆ ತಿಳಿಯಾದ ತುಂಡು. ಅದರೊಳಗಿನ ಸಣ್ಣ ಕಾಲುವೆಗಳಲ್ಲಿ ಮನುಷ್ಯರ ಮೂಳೆಮಜ್ಜೆಯ ಜೀವಕೋಶಗಳನ್ನು ಬದುಕಿಸಿಟ್ಟು, ಔಷಧಿ ಹರಿಸಿ, ಕ್ಯಾನ್ಸರ್ ಕೋಶಗಳಷ್ಟೇ ಸಾಯುತ್ತವೋ ಒಳ್ಳೆಯವೂ ಸಾಯುತ್ತವೋ ಎಂದು ನೋಡುತ್ತೇವೆ. ಈ ಚಿಪ್‌ನಲ್ಲಿದ್ದದ್ದು ರಕ್ತದ ಕ್ಯಾನ್ಸರ್ ಆಗಿದ್ದ ಉದಯಗಿರಿಯ ಆಟೋ ಮೆಕ್ಯಾನಿಕ್ ಒಬ್ಬರ ಮಜ್ಜೆ. ಒಪ್ಪಿಗೆ ಪತ್ರ ಹಿಡಿದು ಆಸ್ಪತ್ರೆಗೆ ನಾನೇ ಹೋಗಿದ್ದೆ. “ಕೋಳೀನ ಕೇಳಿ ಮಸಾಲೆ ಅರೆಯೋರನ್ನ ಇವತ್ತೇ ನೋಡಿದ್ದು ಕಣಮ್ಮ,” ಎಂದು ನಕ್ಕು ಸಹಿ ಹಾಕಿದ್ದರು. ಸೊಂಟದ ಮೂಳೆಗೆ ಸೂಜಿ ಇಳಿದಾಗ ಮಾತ್ರ ಮಂಚದ ಕಂಬಿ ಹಿಡಿದು ಅತ್ತುಬಿಟ್ಟರು. “ಇನ್ನೊಂದ್ಸಲ ಬ್ಯಾಡ,” ಎಂದಿದ್ದರು.

ಪೂಜೆ ಮುಗಿಯಿತು. ಕಡಲೆಪುರಿ ಹಂಚಿ, ನಾಳೆ ಜಂಬೂಸವಾರಿ ನೋಡಲು ಎಲ್ಲಿ ನಿಲ್ಲುವುದೆಂದು ಹರಟುತ್ತಾ ಮನೆಗೆ ಹೋದೆ. ಪಂಪು ನೆನಪಾಗಲೇ ಇಲ್ಲ. ರಜೆ ಕಳೆದು ಬಂದು ನೋಡಿದರೆ ಕೋಶಗಳೆಲ್ಲ ಸತ್ತಿದ್ದವು. ಇನ್ನೂ ಒಂದು ಔಷಧಿಯನ್ನೂ ಹರಿಸಿರಲಿಲ್ಲ. ಪಂಪಿನ ಮೇಲಿನ ಕುಂಕುಮ ಹಾಗೇ ಇತ್ತು. ಮಾರ್ಗದರ್ಶಕರಿಗೆ, “ಕಾಲುವೇಲಿ ಗಾಳಿಗುಳ್ಳೆ ಸಿಕ್ಕಾಕೊಂಡಿತ್ತು ಸರ್,” ಎಂದೆ. ಅದು ಎಲ್ಲರಿಗೂ ಆಗುವಂಥದ್ದೇ, ನಂಬಿದರು.

ಮರುವಾರ ಆ ಮೆಕ್ಯಾನಿಕ್ಕೇ ಪ್ರಯೋಗಾಲಯಕ್ಕೆ ಬಂದರು. “ನಂದು ಎಂಗೈತೆ, ಒಂಚೂರು ತೋರ್ಸಿ ಮೇಡಂ.” ಇದು ಬರೀ ಸಂಶೋಧನೆ, ನಿಮ್ಮ ಚಿಕಿತ್ಸೆಗಲ್ಲ ಎಂದು ಮೊದಲೇ ಹೇಳಿದ್ದೆ. ಆದರೂ ಅವರ ಮುಖದಲ್ಲಿ ಆಸೆ ಇತ್ತು. ಬೇರೆ ಯಾರದೋ ಚಿಪ್ ತೆಗೆದು, ಇದೇ ನಿಮ್ಮದು ಎಂದು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಅವರು ಒಂದು ಕಣ್ಣು ಮುಚ್ಚಿ, ಕಾರ್ಬುರೇಟರ್ ನೋಡುವವರ ಹಾಗೆ ಬಹಳ ಹೊತ್ತು ನೋಡಿದರು. “ನನ್ನೊಳಗಿರೋದಕ್ಕಿಂತ ನಿಮ್ಮತ್ರಾನೇ ಚೆನ್ನಾಗವೆ,” ಎಂದರು. ನಾಚಿಕೆಯಿಂದ ನೆಲ ನೋಡುತ್ತಾ ನಿಂತೆ. ಇಷ್ಟು ಓದಿದ್ದಕ್ಕೆ ಕಲಿತದ್ದು ಇದೇ ಏನು ಎಂದು ಇಂದಿಗೂ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ.

ಮಾರ್ಗದರ್ಶಕರು ಅದೇ ರೋಗಿಯಿಂದ ಇನ್ನೊಂದು ಮಾದರಿ ತರಲು ಹೇಳಿದರು. ಪತ್ರ ಹಿಡಿದು ಮತ್ತೆ ಆಸ್ಪತ್ರೆಯಲ್ಲಿ ಆ ಮೆಕ್ಯಾನಿಕ್ ಅವರ ಮಂಚದ ಪಕ್ಕ ನಿಂತೆ. ಅವರು ಬೇಡ ಎನ್ನಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಯಾಕೆ ಎಂದೂ ಅವರು ಕೇಳಲಿಲ್ಲ. “ಸೂಜಿ ಅಂದ್ರೆ ಜೀವ ಓಗ್ತದೆ. ಆದ್ರೆ ಅದುನ್ನ ಅಷ್ಟು ಚೆನ್ನಾಗಿ ಸಾಕ್ಬುಟ್ಟಿದೀರಲ್ಲ, ನಿಮಗಾದ್ರೆ ಕೊಡ್ತೀನಿ,” ಎಂದು ಸಹಿ ಹಾಕಿ ಮಗ್ಗುಲಾದರು.

ನಾನು ಆಗಲೂ ನಿಜ ಹೇಳದೆ ಪತ್ರ ಮಡಚಿ ಚೀಲಕ್ಕಿಟ್ಟುಕೊಂಡೆ. ಸೂಜಿ ಇಳಿಯುವಾಗ ಅವರು ಕಂಬಿ ಹಿಡಿಯಲಿಲ್ಲ, ನನ್ನ ಕೈ ಹಿಡಿದುಕೊಂಡರು.