ಗೋಡೆಯ ಮೇಲಿಟ್ಟ ಅಂಗೈ

ರಾಯದುರ್ಗದ ನಮ್ಮ ಹಳೆಯ ಚರ್ಚಿಗೆ ಸುಣ್ಣದ ಗಾರೆ ಮೆತ್ತುತ್ತಿದ್ದ ಮುದುಕ ಮೇಸ್ತ್ರಿ ಒಬ್ಬರಿದ್ದರು. ಕೆಲಸಕ್ಕೆ ಮೊದಲು, ಜ್ವರ ನೋಡುವವರ ಹಾಗೆ, ಕಲ್ಲುಗೋಡೆಯ ಮೇಲೆ ಅಂಗೈ ಇಡುತ್ತಿದ್ದರು. ಬೆಲ್ಲದ ನೀರಲ್ಲಿ ಕಲಸಿದ ಗಾರೆಯನ್ನು ಬೆರಳಲ್ಲಿ ತಿಕ್ಕಿ, “ಗ್ವಾಡಿನೂ ಉಸ್ರಾಡಬೇಕ್ರಿ” ಎನ್ನುತ್ತಿದ್ದರು. ಪ್ರತಿ ಸಲವೂ ಅದೇ ಮಾತು. ನಾವು ನಗುತ್ತಿದ್ದೆವು.

ನಮ್ಮ ಕಮಿಟಿಯ ಮಹಾಶಯರಿಗೆ ಚರ್ಚು ಮದುವೆ ಮಂಟಪದಂತೆ ಹೊಳೆಯಬೇಕಿತ್ತು. ಗಾರೆ ಕೆತ್ತಿಸಿ, ಸಿಮೆಂಟು ಬಳಿಸಿ, ಎದೆಯೆತ್ತರಕ್ಕೆ ಟೈಲ್ಸ್ ಅಂಟಿಸಿದರು. ಮೊದಲ ಮಳೆಗಾಲಕ್ಕೇ ಗೋಡೆ ಬೆವರಿತು; ಮೇಲೆ ಕಮಾನಿನಲ್ಲಿ ಉಳಿದಿದ್ದ ಗಾರೆ ಹಪ್ಪಳದಂತೆ ಉದುರಿತು. ತಪ್ಪು ಯಾರದು? ಮುದುಕನ ಗಾರೆಯದಂತೆ! ನಾಚಿಕೆಯಿಲ್ಲದೆ ಅವರನ್ನೇ ಕರೆಸಿ ದಬಾಯಿಸಿದರು.

ಮೇಸ್ತ್ರಿ ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಬಂದರು. ಅಂಗೈ ಇಡಲು ಗೋಡೆಯೇ ಸಿಗಲಿಲ್ಲ, ಬರೀ ಟೈಲ್ಸು. ಕರಣೆಯ ತುದಿಯಿಂದ ಒಂದು ಟೈಲನ್ನು ಸಿಮೆಂಟಿನ ಸಮೇತ ಎಬ್ಬಿಸಿದರು. ಹಿಂದಿನಿಂದ ನೀರು ಜಿನುಗಿ ಇಳಿಯಿತು. “ನೋಡ್ರಿ, ಉಸ್ರು ಕಟ್ಟೈತಿ” ಎಂದರು.

ಕಮಿಟಿಯ ಹಿರಿಯರು ಆ ನೀರನ್ನು ನೋಡಲೇ ಇಲ್ಲ. “ಯಾಕ ಕಿತ್ತಿರಿ? ಈ ತೂತಿಗೆ ಈಗ ಸಿಮೆಂಟ್ ಯಾರು ಹಚ್ತಾರ್ರಿ?” ಎಂದು ಕಿರುಚಿದರು.

ಮೇಸ್ತ್ರಿ ಬಯಲಾದ ಆ ಗೇಣಗಲ ಕಲ್ಲಿನ ಮೇಲೆ ಅಂಗೈ ಇಟ್ಟು ನಿಂತರು. ಮರುದಿನ ಅದಕ್ಕೂ ಸಿಮೆಂಟು ಬಿತ್ತು. ನಾನೂ ಬಾಯಿ ಬಿಡಲಿಲ್ಲ.